ಕಟ್ಟಿಗೆ ಒಲೆಯ ಬ್ಲೋವರ್ ನಿಂತಿದೆಯೇ? ಹೊಸದು ತರುವ ಮೊದಲು ಇಷ್ಟು ನೋಡಿ

ಒಲೆಯ ಫ್ಯಾನ್ ನಿಂತ ತಕ್ಷಣ "ಮೋಟರ್ ಸುಟ್ಟೋಯ್ತು" ಅನ್ನುವುದು ರೂಢಿ. ನಿಜಕ್ಕೂ ಮೋಟರ್ ಸುಟ್ಟಿರುವುದು ಕಡಿಮೆ. ಅಡಾಪ್ಟರ್ ಹೋಗಿರುತ್ತದೆ, ಪಿನ್ನಿಗೆ ಕಿಲುಬು ಹಿಡಿದಿರುತ್ತದೆ, ಬುಷ್ (ಶಾಫ್ಟ್ ಕೂತು ತಿರುಗುವ ಬಳೆ) ಒಣಗಿರುತ್ತದೆ, ಇಲ್ಲವೇ ಗಾಳಿ ಹೋಗುವ ದಾರಿಯಲ್ಲಿ ಬೂದಿ ಗಟ್ಟಿಯಾಗಿ ಕೂತಿರುತ್ತದೆ. ಇವೆಲ್ಲ ಚಿಲ್ಲರೆ ಖರ್ಚಿನ ಕೆಲಸ. ದುಡ್ಡು ಹೋಗುವುದು ಎಲ್ಲಿ ಅಂದರೆ, ಏನೂ ನೋಡದೆ ಹೊಸ ಫ್ಯಾನ್ ತಂದು ಅದೂ ತಿರುಗದೇ ಇದ್ದಾಗ. ಅದಕ್ಕೇ ಖರ್ಚಿಲ್ಲದ್ದನ್ನು ಮೊದಲು ನೋಡಿ, ಖರ್ಚಿನದ್ದನ್ನು ಕೊನೆಗೆ.

ನಮ್ಮ ಉತ್ತರ ಕನ್ನಡದಲ್ಲಿ ಒಲೆಗೆ ಗಾಳಿ ಊದುವ ಯಂತ್ರ ಹೆಚ್ಚಾಗಿ ಎರಡು ತರದ್ದು ಕಾಣುತ್ತದೆ. ಒಂದು ಸಣ್ಣದು, 12 ವೋಲ್ಟ್ ಡಿಸಿ. ತಗಡಿನ ಫ್ಯಾನ್ ಒಲೆಗಳ ಅಡಿಯಲ್ಲಿ ಕೂತಿರುವುದು ಇದೇ. ಬಚ್ಚಲ ಒಲೆಗೆ ಪೈಪ್ ಹಾಕಿ ತಾವೇ ಜೋಡಿಸಿಕೊಂಡವರೂ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ಇನ್ನೊಂದು 230 ವೋಲ್ಟಿನದ್ದು. ಬಸವನಹುಳುವಿನ ಚಿಪ್ಪಿನಂಥ ಎರಕದ ಮೈ, ಒಳಗೆ ರೆಕ್ಕೆಗಾಲಿ, ಪಕ್ಕದಲ್ಲಿ ಮೋಟರ್. ಕುಲುಮೆಯಲ್ಲಿ ತಿದಿಯ ಜಾಗಕ್ಕೆ ಬಂದ ಬ್ಲೋವರ್ ಇದು. ಹೋಟೆಲಿನ ದೊಡ್ಡ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ಇದೇ ಬೇಕು. ಎರಡರ ರೋಗ ಬೇರೆ ಬೇರೆ, ಹಾಗಾಗಿ ನಿಮ್ಮದು ಯಾವುದು ಅಂತ ಮೊದಲು ಮೈಮೇಲಿನ ಚೀಟಿ ನೋಡಿ.

ಮುಟ್ಟುವ ಮುಂಚೆ

ಪ್ಲಗ್ ಕಿತ್ತು ಕೈಗೆ ತೆಗೆದುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳ ವಯರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬಿಟ್ಟು ನ್ಯೂಟ್ರಲ್ ಮೇಲೆ ಕೂತಿರುವುದು ಉಂಟು. ಆಗ ಸ್ವಿಚ್ ಆಫ್ ಆದರೂ ಮೋಟರಿನಲ್ಲಿ ಕರೆಂಟ್ ಇರುತ್ತದೆ. ಒಲೆ ಪೂರ್ತಿ ತಣ್ಣಗಾಗಿರಲಿ. ಬೂದಿಯ ಅಡಿಯ ಕೆಂಡ ರಾತ್ರಿಯಿಂದ ಬೆಳಿಗ್ಗೆಯವರೆಗೂ ಜೀವ ಹಿಡಿದಿರುತ್ತದೆ. ಫ್ಯಾನ್ ಬಿಚ್ಚುವಾಗ ಆ ಬೂದಿ ಮುಖಕ್ಕೇ ಬರುವುದರಿಂದ ಮೂಗಿಗೆ ಒಂದು ಬಟ್ಟೆ ಕಟ್ಟಿಕೊಳ್ಳಿ.

ಸಾಮಾನು ಜಾಸ್ತಿ ಬೇಡ. ಸ್ಕ್ರೂಡ್ರೈವರ್, ಟೆಸ್ಟರ್, ಹಳೇ ಹಲ್ಲುಜ್ಜುವ ಬ್ರಷ್, ಸಣ್ಣ ಮರಳು ಕಾಗದ, ಹೊಲಿಗೆ ಮಿಷನ್ ಎಣ್ಣೆ. ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಊಹೆ ತಪ್ಪುತ್ತದೆ. ಮನೆಯಲ್ಲಿ ಸೋಲಾರ್ ದೀಪದ ಅಥವಾ ಬೈಕಿನ 12 ವೋಲ್ಟ್ ಬ್ಯಾಟರಿ ಇದ್ದರೆ ಇನ್ನೂ ಒಳ್ಳೆಯದು.

ಬೆಂಕಿ ನೋಡಿದರೆ ಅರ್ಧ ಗೊತ್ತಾಗುತ್ತದೆ

ಫ್ಯಾನ್ ತಿರುಗುತ್ತಿದೆ, ಆದರೂ ಒಲೆ ಸರಿಯಾಗಿ ಉರಿಯುತ್ತಿಲ್ಲ ಅಂತಾದರೆ ಸ್ಕ್ರೂಡ್ರೈವರ್ ಎತ್ತುವ ಮುಂಚೆ ಬೆಂಕಿ ನೋಡಿ. ಜ್ವಾಲೆ ಕೆಂಪಗೆ ಉದ್ದಕ್ಕೆ ಎದ್ದು ಹೊಗೆ ಬಿಡುತ್ತಿದ್ದರೆ, ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಜ್ವಾಲೆ ಕಟ್ಟಿಗೆ ಬಿಟ್ಟು ಮೇಲೆ ಹಾರಿ ಪಕ್ಕನೆ ಆರುತ್ತಿದ್ದರೆ, ಅನ್ನದ ಮೇಲೆ ಬೂದಿ ಬೀಳುತ್ತಿದ್ದರೆ ಗಾಳಿ ಜಾಸ್ತಿ. ಒಂದೇ ಮಗ್ಗುಲು ಉರಿದು ಇನ್ನೊಂದು ಮಗ್ಗುಲು ಹೊಗೆಯಾಡುತ್ತಿದ್ದರೆ ಫ್ಯಾನಿನ ತಪ್ಪಲ್ಲ, ತೂತು ಕಟ್ಟಿದೆ.

ಫ್ಯಾನ್ ಒಲೆಯಲ್ಲಿ ಗಾಳಿ ಎರಡು ಕಡೆ ಹೋಗುತ್ತದೆ. ಒಂದಿಷ್ಟು ಅಡಿಯಿಂದ ಕೆಂಡಕ್ಕೆ. ಉಳಿದದ್ದು ಎರಡು ಗೋಡೆಗಳ ನಡುವೆ ಮೇಲೇರಿ, ಬಾಯಿಯ ಹತ್ತಿರದ ಸಾಲು ತೂತುಗಳಿಂದ ಹೊಗೆಯ ಮೇಲೆ. ಆ ಮೇಲಿನ ಗಾಳಿ ಬೆರೆತಾಗಲೇ ಹೊಗೆಯೂ ಹೊತ್ತಿ ಉರಿಯುವುದು. ಹಾಲು ಉಕ್ಕಿ, ಗಂಜಿ ಚೆಲ್ಲಿ, ಅದರ ಮೇಲೆ ಬೂದಿ ಕೂತು ಆ ತೂತುಗಳು ಮುಚ್ಚಿರುತ್ತವೆ. ಸೈಕಲ್ ಕಡ್ಡಿ ಹಾಕಿ ಒಂದೊಂದೇ ತೂತು ಚುಚ್ಚಿ ಬಿಡಿಸಿ. ಆಮೇಲೆ ಒಲೆ ಬೋರಲು ಹಾಕಿ ಮೆಲ್ಲಗೆ ತಟ್ಟಿ. ಗೋಡೆಗಳ ನಡುವಿನ ಬೂದಿ ಉದುರುವುದನ್ನು ನೋಡಿದರೆ ನಿಮಗೇ ಆಶ್ಚರ್ಯವಾದೀತು. ಫ್ಯಾನನ್ನು ಮೊದಲೇ ಬಿಚ್ಚಿಟ್ಟಿರಿ, ಇಲ್ಲದಿದ್ದರೆ ಅದಷ್ಟೂ ಅದರೊಳಗೆ ಹೋಗುತ್ತದೆ.

ಇನ್ನು ಜುಲೈ ತಿಂಗಳಲ್ಲಿ ಬರುವ ದೂರಿಗೆ ಬೇರೆ ಔಷಧಿ. ಮಳೆಗೆ ಎರಚಲು ಹೊಡೆದ ಕಟ್ಟಿಗೆ, ಹಸಿ ಸಿಪ್ಪೆ ಹಾಕಿ "ಫ್ಯಾನ್ ವೀಕಾಗಿದೆ" ಅಂದರೆ ಏನು ಮಾಡೋದು? ಒಣಗಿದ ಕರಟ ನಾಲ್ಕು ಹಾಕಿ ಹೊತ್ತಿಸಿ ನೋಡಿ. ಅದು ಚೆನ್ನಾಗಿ ಉರಿದರೆ ಫ್ಯಾನಿಗೆ ಏನೂ ಆಗಿಲ್ಲ.

ಚಿಮಣಿ ಇರುವ ಒಲೆಯವರಿಗೆ ಇನ್ನೊಂದು ಮಾತು. ಚಿಮಣಿ ಸರಿ ಎಳೆಯುತ್ತಿದ್ದರೆ ಮನೆಬಳಕೆಯ ಒಲೆಗೆ ಬ್ಲೋವರ್ ಬೇಕಾಗುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಉರಿಯುವುದು ಚಿಮಣಿಯ ಎಳೆತದಿಂದಲೇ. ಎಷ್ಟೋ ಕಡೆ ಆಗುವುದು ಹೀಗೆ: ಚಿಮಣಿಯಲ್ಲಿ ಮಸಿ ಕಟ್ಟುತ್ತದೆ, ಹೊಗೆ ಒಳಗೆ ಬರುತ್ತದೆ, ಅದಕ್ಕೊಂದು ಬ್ಲೋವರ್ ಇಡುತ್ತಾರೆ. ಮಸಿ ಇನ್ನೂ ಕಟ್ಟುತ್ತದೆ. ಕೊನೆಗೆ ಬ್ಲೋವರ್ ಊದಿದ ಗಾಳಿ ಹೋಗಲು ದಾರಿಯಿಲ್ಲದೆ ಬಿಸಿ ಹೊಗೆ ಫ್ಯಾನಿನ ಕಡೆಗೇ ತಿರುಗಿ ಬರುತ್ತದೆ. ಅಂಥ ಕಡೆ ಎಷ್ಟು ಫ್ಯಾನ್ ಬದಲಿಸಿದರೂ ಅಷ್ಟೇ. ಮೊದಲು ಚಿಮಣಿ ಕೆರೆಯಿರಿ.

12 ವೋಲ್ಟಿನ ಫ್ಯಾನ್ ತಿರುಗುವುದೇ ಇಲ್ಲ

ಪ್ಲಗ್ ಕಿತ್ತು, ಬೆರಳಿನಿಂದ ರೆಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿ ತಾನಾಗಿ ನಿಂತರೆ ದೋಷ ಕರೆಂಟಿನ ಕಡೆ. ಬಿಗಿಯಾಗಿದ್ದರೆ ಬುಷ್ ಅಥವಾ ಬೂದಿ. ಒಂದು ಜಾಗದಲ್ಲಿ ಮಾತ್ರ ತಡೆದರೆ ರೆಕ್ಕೆ ಎಲ್ಲೋ ಉಜ್ಜುತ್ತಿದೆ. ಶಾಖಕ್ಕೆ ಪ್ಲಾಸ್ಟಿಕ್ ಸೊಟ್ಟಗಾದಾಗ ಹೀಗಾಗುತ್ತದೆ.

ಕರೆಂಟಿನ ಕಡೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಘಟ್ಟದ ಮೇಲೆ ಅಡಾಪ್ಟರುಗಳು ಸಾಲುಸಾಲಾಗಿ ಸಾಯುತ್ತವೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಪಿನ್ನಿನಲ್ಲಿ ಅಳೆಯಿರಿ. ಏನೂ ತೋರಿಸದಿದ್ದರೆ ಉತ್ತರ ಸಿಕ್ಕಿತು. ಆದರೆ 12 ತೋರಿಸಿದರೆ "ಅಡಾಪ್ಟರ್ ಸರಿ ಇದೆ" ಅಂತ ಬಿಡಬೇಡಿ. ಫ್ಯಾನ್ ಜೋಡಿಸಿದ ಸ್ಥಿತಿಯಲ್ಲೇ ಇನ್ನೊಮ್ಮೆ ಅಳೆಯಿರಿ. ಒಳಗಿನ ಕೆಪಾಸಿಟರ್ (ಕಂಡೆನ್ಸರ್ ಅಂತಲೂ ಕರೆಯುತ್ತಾರೆ) ಸತ್ತ ಅಡಾಪ್ಟರ್ ಸುಮ್ನೆ ಇದ್ದಾಗ 12 ತೋರಿಸಿ, ಫ್ಯಾನ್ ಹಾಕಿದ ಕೂಡಲೇ ಐದಕ್ಕೋ ಆರಕ್ಕೋ ಕುಸಿಯುತ್ತದೆ. ಫ್ಯಾನ್ ಒಮ್ಮೆ ಜರಗಿ ನಿಲ್ಲುತ್ತದೆ, ಮತ್ತೆ ಜರಗುತ್ತದೆ. ಆ ಆಟ ಕಂಡರೆ ಅಡಾಪ್ಟರೇ ಕಳ್ಳ.

ಇದಕ್ಕೆ ಹೊಸದು ತರಲೇಬೇಕು ಅಂತಿಲ್ಲ. ಹಳೇ ಇಂಟರ್ನೆಟ್ ರೂಟರಿನ ಅಡಾಪ್ಟರ್ ಮನೆಯ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಅಲ್ವಾ? ಅದರಲ್ಲಿ ಬಹಳಷ್ಟು 12 ವೋಲ್ಟಿನವೇ. 5 ಮತ್ತು 9 ವೋಲ್ಟಿನವೂ ಇರುವುದರಿಂದ ಚೀಟಿ ಓದಿ. ವೋಲ್ಟ್ ಫ್ಯಾನಿನಷ್ಟೇ ಇರಬೇಕು. ಆಂಪಿಯರ್ ಫ್ಯಾನಿಗಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಫ್ಯಾನ್ ಮೇಲೆ 0.3 ಆಂಪಿಯರ್ ಅಂತ ಬರೆದಿದ್ದರೆ 1 ಆಂಪಿಯರಿನ ಅಡಾಪ್ಟರ್ ಧಾರಾಳವಾಯಿತು. ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್ ಇರುವುದೇ ರೂಢಿ, ಆದರೂ ಮೀಟರಿನಲ್ಲಿ ನೋಡಿಕೊಂಡೇ ಚುಚ್ಚಿ. ಈ ಫ್ಯಾನುಗಳೊಳಗೆ ಸಣ್ಣ ಸರ್ಕ್ಯೂಟ್ ಇರುತ್ತದೆ. ಉಲ್ಟಾ ಕೊಟ್ಟರೆ ಹಿಂದಕ್ಕೆ ತಿರುಗುವುದಿಲ್ಲ, ಸುಮ್ಮನಾಗುತ್ತದೆ. ಕೆಲವು ಸತ್ತೇ ಹೋಗುತ್ತವೆ.

ಎರಡನೆಯ ಅನುಮಾನ ಜೋಡಣೆಗಳ ಮೇಲೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇದನ್ನೇ ಮೊದಲು ನೋಡಿದರೂ ತಪ್ಪಿಲ್ಲ. ಉಪ್ಪುಗಾಳಿಗೆ ತಾಮ್ರದ ಎಳೆ ಹಸಿರು ಕಿಲುಬು ಹಿಡಿದು ಪ್ಲಾಸ್ಟಿಕ್ಕಿನ ಒಳಗೇ ಪುಡಿಯಾಗಿರುತ್ತದೆ. ಹೊರಗಿಂದ ನೋಡಿದರೆ ವಾಯರ್ ಗಟ್ಟಿಯಾಗೇ ಕಾಣುತ್ತದೆ. ಕನೆಕ್ಟರ್ ಹತ್ತಿರ ಮಡಚಿ ನೋಡಿ. ಮೆತ್ತಗೆ ಬಗ್ಗಿದರೆ ಒಳಗೆ ಎಳೆ ತುಂಡಾಗಿದೆ. ಒಂದಿಂಚು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಸುಲಿದು, ಮತ್ತೆ ಜೋಡಿಸಿ ಬೆಸುಗೆ ಹಾಕಿ. ಹುಣಸೆಹಣ್ಣು ತಿಕ್ಕಿ ಕಿಲುಬು ತೆಗೆಯುವ ಉಪಾಯ ಹಂಡೆಗೆ ಸರಿ, ವಾಯರಿಗೆ ಬೇಡ. ಹುಳಿ ಒಳಗೇ ಉಳಿದು ಮತ್ತೆ ತಿನ್ನುತ್ತದೆ. ಜೋಡಿಸಿದ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ ಟೇಪ್ ಸುತ್ತಿದರೆ ಒಂದೆರಡು ಮಳೆಗಾಲ ತಡೆಯುತ್ತದೆ.

ವೇಗ ಬದಲಿಸುವ ಸ್ವಿಚ್ ಇದ್ದರೆ ಅದರ ನಡವಳಿಕೆ ಗಮನಿಸಿ. ಜೋರು ಇಟ್ಟಾಗ ಮಾತ್ರ ತಿರುಗಿ, ಮೆಲ್ಲಗೆ ಇಟ್ಟಾಗ ನಿಂತರೆ ಫ್ಯಾನ್ ಚೆನ್ನಾಗಿದೆ, ನಡುವಿನ ರೆಸಿಸ್ಟರ್ ಹೋಗಿದೆ. ಮೆಲ್ಲಗೆ ಮಾತ್ರ ತಿರುಗಿ ಜೋರಿನಲ್ಲಿ ನಿಂತರೆ ಸ್ವಿಚ್ಚಿನ ಸಂಪರ್ಕ ಹೋಗಿದೆ. ಗುಂಡಿ ತಿರುಗಿಸುವ ರೆಗ್ಯುಲೇಟರ್ ಆದರೆ ಅದನ್ನು ಬಿಟ್ಟು ನೇರವಾಗಿ ಅಡಾಪ್ಟರಿಗೆ ಫ್ಯಾನ್ ಜೋಡಿಸಿ ನೋಡಿ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಬ್ಯಾಟರಿ ಪರೀಕ್ಷೆ. ಕೆಂಪು ವಾಯರ್ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಮೂರನೆಯದೋ ನಾಲ್ಕನೆಯದೋ ವಾಯರ್ ಇದ್ದರೆ ಅದು ವೇಗದ ಲೆಕ್ಕಕ್ಕೆ, ಈ ಪರೀಕ್ಷೆಗೆ ಬೇಡ. ಬ್ಯಾಟರಿಗೆ ತಿರುಗಿದರೆ ಫ್ಯಾನಿಗೆ ಏನೂ ಆಗಿಲ್ಲ. ಬ್ಯಾಟರಿಗೂ ತಿರುಗದೆ, ರೆಕ್ಕೆ ಸಲೀಸಾಗಿಯೂ ಇದ್ದರೆ ಒಳಗಿನ ಸರ್ಕ್ಯೂಟ್ ಹೋಗಿದೆ. ಅದನ್ನು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ. ಹೊಸ ಸಣ್ಣ ಫ್ಯಾನಿಗಿಂತ ನಿಮ್ಮ ಸಮಯ ದುಬಾರಿ.

ಬಿಗಿಯಾದ ಫ್ಯಾನಿಗೆ ಎಣ್ಣೆ

ಈ ಕೆಲಸವನ್ನು ಕೊಂಚ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಸೆಯುವ ಸಣ್ಣ ಫ್ಯಾನುಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರುವುದು ಇದೊಂದೇ.

ಫ್ಯಾನನ್ನು ಬೋರಲು ಇಡಿ. ಹಿಂಬದಿಯ ನಡುವೆ ಗುಂಡಗಿನ ಚೀಟಿ ಇರುತ್ತದೆ. ಅದರ ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿ ಅರ್ಧದವರೆಗೆ ಸುಲಿಯಿರಿ, ಪೂರ್ತಿ ಕಿತ್ತರೆ ಮತ್ತೆ ಅಂಟುವುದಿಲ್ಲ. ಕೆಳಗೆ ಸಣ್ಣ ರಬ್ಬರ್ ಮುಚ್ಚಳ ಸಿಗುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಅದನ್ನು ಸೂಜಿಯಿಂದ ಎತ್ತಿ. ಒಳಗೆ ಶಾಫ್ಟಿನ ತುದಿ, ಅದರ ಸುತ್ತ ಸೀಳಿರುವ ಬಿಳಿ ವಾಷರ್ ಕಾಣುತ್ತದೆ. ಸುತ್ತ ಕಪ್ಪು ಅಂಟು ಕೂತಿದ್ದರೆ ಅದು ಹಳೇ ಎಣ್ಣೆ ಮತ್ತು ಬೂದಿ ಸೇರಿ ಆದದ್ದು. ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ಅದ್ದಿ ಒರೆಸಿ ತೆಗೆಯಿರಿ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಎರಡೇ ಹನಿ. ರೆಕ್ಕೆಯನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಿ. ಬಿಗಿ ಸಡಿಲವಾಗುವುದು ಬೆರಳಿಗೇ ಗೊತ್ತಾಗುತ್ತದೆ. ಇನ್ನೊಂದು ಹನಿ ಹಾಕಿ, ಮುಚ್ಚಳ ಕೂರಿಸಿ, ಅಂಟುವ ಜಾಗದ ಎಣ್ಣೆ ಒರೆಸಿ ಚೀಟಿ ಒತ್ತಿ. ಮೇಲೊಂದು ಟೇಪಿನ ತುಂಡು ಇರಲಿ, ಇಲ್ಲದಿದ್ದರೆ ಬೂದಿ ಅದೇ ದಾರಿಯಲ್ಲಿ ಒಳಗೆ ಇಳಿಯುತ್ತದೆ.

ತೆಂಗಿನೆಣ್ಣೆ ಹಾಕಬೇಡಿ. ಕೈಗೆ ಸಿಗುವುದು ಅದೇ, ನಿಜ. ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಶಿರಸಿ, ಸಿದ್ದಾಪುರದ ಚಳಿಗಾಲದ ಬೆಳಿಗ್ಗೆ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ನೀರು ಕಾಯಿಸಬೇಕಾದ ಹೊತ್ತಿಗೇ ಫ್ಯಾನ್ ಹಿಡಿದುಕೊಳ್ಳುತ್ತದೆ. ಒಲೆಯ ಬಿಸಿಗೆ ಕರಗಿದರೂ ಕೆಲವು ದಿನದಲ್ಲಿ ಜಿಡ್ಡುಗಟ್ಟಿ ಬೂದಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಅದು ಸಿಕ್ಕಿಕೊಂಡದ್ದನ್ನು ಬಿಡಿಸುತ್ತದೆಯೇ ಹೊರತು ಬಹಳ ದಿನ ನಿಲ್ಲುವುದಿಲ್ಲ. ಅದನ್ನು ಹೊಡೆದರೆ ಆಮೇಲೆ ಎಣ್ಣೆಯನ್ನೂ ಹಾಕಿ.

ಎಣ್ಣೆ ಹಾಕಿದ ಮೇಲೂ ಶಾಫ್ಟ್ ಅಡ್ಡಡ್ಡಕ್ಕೆ ಅಲ್ಲಾಡಿದರೆ ಬುಷ್ ಸವೆದಿದೆ. ಅದಕ್ಕೆ ಫ್ಯಾನನ್ನೇ ಬದಲಿಸಬೇಕು.

230 ವೋಲ್ಟಿನ ಬ್ಲೋವರ್

ಇದರಲ್ಲಿ ಮೂರು ಜಾತಿಯ ಮೋಟರ್ ಸಿಗುತ್ತದೆ. ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಬಿರಡೆ ಇದ್ದು, ಕಿವಿಗಡಚಿಕ್ಕುವ ಸದ್ದು ಮಾಡುವುದು ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಪ್ಪು ತುಂಡು) ಇರುವಂಥದ್ದು. ಮೈಮೇಲೆ ಅಥವಾ ಡಬ್ಬಿಯೊಳಗೆ ಕೆಪಾಸಿಟರ್ ಇದ್ದರೆ ಎರಡನೆಯದು. ಬ್ರಷ್ಷೂ ಇಲ್ಲ, ಕೆಪಾಸಿಟರೂ ಇಲ್ಲ, ತಗಡಿನ ಪಟ್ಟಿಗಳ ಮೇಲೆ ದಪ್ಪ ತಾಮ್ರದ ಸುತ್ತು ಕಾಣುತ್ತದೆ ಅಂದರೆ ಶೇಡೆಡ್ ಪೋಲ್.

ಕಾರ್ಬನ್ ಬ್ರಷ್ಷಿನದ್ದು ನಿಂತರೆ ಬಿರಡೆ ತಿರುಗಿಸಿ ಬ್ರಷ್ ಹೊರಗೆ ತೆಗೆಯಿರಿ. ಐದಾರು ಮಿಲಿಮೀಟರಿಗಿಂತ ಗಿಡ್ಡ ಆಗಿದ್ದರೆ ಬದಲಿಸಿ. ಒಂದು ಬದಿಯದ್ದು ಸವೆದಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋದರೆ ಅಳತೆಯ ರಗಳೆ ಇಲ್ಲ. ಸ್ವಲ್ಪ ದೊಡ್ಡದು ಸಿಕ್ಕಿದರೆ ಮರಳು ಕಾಗದಕ್ಕೆ ಉಜ್ಜಿ ಕೂರಿಸಬಹುದು. ಚಿಕ್ಕದು ಸಿಕ್ಕರೆ ಬೇಡ, ಅದು ಗೂಡಿನಲ್ಲಿ ಅಲ್ಲಾಡಿ ಕಿಡಿ ಹಾರಿಸುತ್ತದೆ. ಬ್ರಷ್ ಕೂರುವ ತಾಮ್ರದ ಬಳೆ ಕಪ್ಪಾಗಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಿ. ಎಮೆರಿ ಕಾಗದ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ಕರೆಂಟ್ ಹಾಯಿಸುತ್ತದೆ. ಬ್ರಷ್ಷಿನ ಬಾಯಲ್ಲಿ ಸಣ್ಣ ಕಿಡಿ ಸಹಜ. ಬಳೆಯ ಸುತ್ತ ಬೆಂಕಿಯ ಉಂಗುರ ಕಂಡರೆ ಆರ್ಮೇಚರ್ (ಒಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹೋಗಿದೆ. ಅಲ್ಲಿಗೆ ಲೆಕ್ಕ ಬೇರೆ.

ಕೆಪಾಸಿಟರಿನದ್ದು ಗುಂಯ್ ಅಂತ ಸದ್ದು ಮಾಡಿ ನಿಂತೇ ಇದ್ದರೆ, ಒಂದು ಒಣ ಕಡ್ಡಿಯಿಂದ ರೆಕ್ಕೆ ತಳ್ಳಿ ನೋಡಿ. ಬೆರಳು ಹಾಕಬೇಡಿ. ತಳ್ಳಿದ ಮೇಲೆ ತಿರುಗಿದರೆ ಕೆಪಾಸಿಟರ್ ಹೋಗಿದೆ. ಅದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟಿನದ್ದು ತನ್ನಿ. ಸಂಜೆ ಹೊತ್ತು ಮಾತ್ರ ಹೀಗಾಗುತ್ತಿದ್ದರೆ ಮೀಟರಿನಲ್ಲಿ ಮನೆಯ ವೋಲ್ಟೇಜ್ ನೋಡಿ. 170, 180ಕ್ಕೆ ಇಳಿದಾಗ ಬೇರಿಂಗ್ ಸ್ವಲ್ಪ ಒಣಗಿದ ಬ್ಲೋವರ್ ಎದ್ದೇಳುವುದಿಲ್ಲ. ಬೇರಿಂಗಿಗೆ ಎಣ್ಣೆ ಬಿದ್ದರೆ ಅದೇ ವೋಲ್ಟೇಜಿನಲ್ಲಿ ಎದ್ದೀತು.

ಶೇಡೆಡ್ ಪೋಲ್ ಮೋಟರ್ ಸದ್ದೇ ಮಾಡದೆ ಸತ್ತಿದ್ದರೆ ತಂತಿಯ ಸುತ್ತಿನ (ವೈಂಡಿಂಗ್) ಎರಡು ತುದಿಗೆ ಮೀಟರನ್ನು ಓಮ್‌ಗೆ ಇಟ್ಟು ಹಿಡಿಯಿರಿ. ಸಂಪರ್ಕವೇ ಇಲ್ಲ ಅಂತ ತೋರಿಸಿದರೂ ಬೇಸರ ಬೇಡ. ಎಷ್ಟೋ ಮೋಟರಿನಲ್ಲಿ ಸುತ್ತಿನ ಮೇಲಿನ ಟೇಪ್ ಅಡಿಯಲ್ಲಿ ಒಂದು ಥರ್ಮಲ್ ಫ್ಯೂಸ್ ಅಡಗಿರುತ್ತದೆ. ಅತಿ ಬಿಸಿಯಾದಾಗ ಅದು ಪ್ರಾಣ ಬಿಟ್ಟು ಮೋಟರ್ ಉಳಿಸುತ್ತದೆ. ಅದರ ಮೇಲೆ ಬರೆದ ಡಿಗ್ರಿ ಮತ್ತು ಆಂಪಿಯರಿನದ್ದೇ ತಂದು ಹಾಕಿ. ಬೆಸುಗೆ ಹಾಕುವಾಗ ಅದರ ಕಾಲನ್ನು ಇಕ್ಕಳದಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಬೆಸುಗೆಯ ಬಿಸಿಗೇ ಹೊಸ ಫ್ಯೂಸ್ ಹೋಗುತ್ತದೆ. ಫ್ಯೂಸ್ ತೆಗೆದು ವಾಯರ್ ತುಂಡು ಸುತ್ತಿ ಬಿಡುವವರಿದ್ದಾರೆ. ಒಣ ಸೋಗೆ, ದರಕು, ಕಟ್ಟಿಗೆ ರಾಶಿಯ ಪಕ್ಕ ಇರುವ ಯಂತ್ರಕ್ಕೆ ಆ ಕೆಲಸ ಮಾಡಲೇಬೇಡಿ.

ಬೇರಿಂಗ್ ಬದಲಿಸುವುದು ಸುಲಭ. ಕರಕರ ಸದ್ದು, ಶಾಫ್ಟ್ ಅಲ್ಲಾಟ ಇದ್ದರೆ ಬೇರಿಂಗ್ ಎಳೆದು ತೆಗೆದು ಬದಿಯ ನಂಬರ್ ಓದಿ. 608 ಅಂತಿದ್ದರೆ 8 ಮಿ.ಮೀ. ಒಳಗಿನ ತೂತು, 22 ಮಿ.ಮೀ. ಹೊರಸುತ್ತು, 7 ಮಿ.ಮೀ. ದಪ್ಪ. ಸ್ಕೇಟಿಂಗ್ ಚಕ್ರದಲ್ಲೂ ಇದೇ ಇರುವುದರಿಂದ ಎಲ್ಲಿ ಹೋದರೂ ಸಿಗುತ್ತದೆ. ನಂಬರಿನ ಮುಂದೆ ಝಡ್‌ಝಡ್ ಅಂತಿದ್ದರೆ ಎರಡೂ ಬದಿ ಲೋಹದ ಮುಚ್ಚಳ, ಆರ್‌ಎಸ್ ಅಂತಿದ್ದರೆ ರಬ್ಬರ್. ಬೂದಿ ತಡೆಯಲು ರಬ್ಬರ್ ಒಳ್ಳೆಯದು, ಶಾಖಕ್ಕೆ ಲೋಹ. ಒಲೆಗೆ ತೀರಾ ಹತ್ತಿರ ಇದ್ದರೆ ನಾನು ಲೋಹದ್ದನ್ನೇ ಹಾಕುತ್ತೇನೆ.

ಮಳೆಗಾಲ ಮುಗಿದು ಅಡಿಕೆ ಕೊಯ್ಲಿಗೆ ಮುಂಚೆ ಹೊರಗೆ ತೆಗೆದ ಬ್ಲೋವರಿನ ಕತೆ ಬೇರೆ. ತಿಂಗಳುಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿದ್ದು ಸುತ್ತು ತೇವ ಕುಡಿದಿರುತ್ತದೆ. ಪ್ಲಗ್ ಹಾಕಿದರೆ ಮೈ ಜುಮ್ ಅನ್ನುತ್ತದೆ, ಟೆಸ್ಟರ್ ಹತ್ತುತ್ತದೆ. ಇದಕ್ಕೆ ರಿವೈಂಡಿಂಗ್ (ತಂತಿ ಹೊಸದಾಗಿ ಸುತ್ತಿಸುವುದು) ಬೇಡ. ರಟ್ಟಿನ ಪೆಟ್ಟಿಗೆಯೊಳಗೆ ಮೋಟರ್ ಇಟ್ಟು, ಪಕ್ಕದಲ್ಲಿ ಹಳೇ ಕಾಲದ 60 ವ್ಯಾಟಿನ ಬಲ್ಬ್ ರಟ್ಟಿಗೆ ತಾಗದಂತೆ ಉರಿಸಿ, ಹಗಲೆಲ್ಲ ಬಿಡಿ. ಕಣ್ಣಳತೆಯಲ್ಲೇ ಇರಲಿ. ಎಲ್ಇಡಿ ಬಲ್ಬ್ ಹಾಕಿದರೆ ಬಿಸಿ ಸಾಲುವುದಿಲ್ಲ. ಆಮೇಲೆ ಪಂಪ್‌ಸೆಟ್ ರಿವೈಂಡಿಂಗ್ ಮಾಡುವಲ್ಲಿ ಮೆಗ್ಗರ್ (ಸುತ್ತಿನಿಂದ ಮೈಗೆ ಕರೆಂಟ್ ಸೋರುತ್ತದೆಯೇ ಅಂತ ನೋಡುವ ಮೀಟರ್) ಹಾಕಿಸಿ. ಒಳ್ಳೆಯ ಮೇಸ್ತ್ರಿ ಆದರೆ "ಭಟ್ರೆ, ವೈಂಡಿಂಗ್ ಸರಿ ಉಂಟು, ಬರೇ ಥಂಡಿ ಹಿಡಿದದ್ದು" ಅಂತ ನೇರ ಹೇಳಿ ಕಳಿಸುತ್ತಾರೆ. ಅಂಥವರನ್ನು ಬಿಡಬೇಡಿ.

ಬಚ್ಚಲಿನ ಬಗ್ಗೆ ಒಂದೇ ಮಾತು. ನೀರು ಚೆಲ್ಲುವ ನೆಲದಲ್ಲಿ, ಬರಿಗಾಲಿನಲ್ಲಿ ಮಕ್ಕಳು ಓಡಾಡುವಲ್ಲಿ 230 ವೋಲ್ಟಿನ ಬ್ಲೋವರ್ ಬೇಡ. ಅಲ್ಲಿ 12 ವೋಲ್ಟಿನದ್ದು ಇಡಿ, ಅಡಾಪ್ಟರ್ ಬಚ್ಚಲಿನ ಹೊರಗಿರಲಿ. ಬೇರೆ ಕಡೆ ದೊಡ್ಡದನ್ನು ಇಟ್ಟರೆ ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು, ಲೈನಿಗೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ.

ತಿರುಗುತ್ತದೆ, ಆದರೆ ಗಾಳಿ ಇಲ್ಲ

ಮೋಟರ್ ಸದ್ದು ಜೋರಾಗಿದ್ದು ಬಾಯಲ್ಲಿ ಗಾಳಿಯೇ ಇಲ್ಲದಿದ್ದರೆ ರೆಕ್ಕೆಗಾಲಿಯ ಸಣ್ಣ ಸ್ಕ್ರೂ ಸಡಿಲವಾಗಿ ಶಾಫ್ಟ್ ಒಂದೇ ತಿರುಗುತ್ತಿರುತ್ತದೆ. ಅಲೆನ್ ಕೀಯಿಂದ ಬಿಗಿ ಮಾಡಿದರೆ ಮುಗಿಯಿತು.

ಗಾಲಿ ತಿರುಗುತ್ತಿದ್ದರೂ ಗಾಳಿ ಕಡಿಮೆಯಾಗಿದ್ದರೆ ಗಾಳಿ ಎಳೆಯುವ ಬಾಯಿ ನೋಡಿ. ಬಳಸದೆ ಬಿಟ್ಟ ಬ್ಲೋವರಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಪೈಪಿನೊಳಗೆ ಇಲಿ ಸೇರಿಸಿದ ಸಿಪ್ಪೆ, ಹತ್ತಿಯೂ ಇದ್ದೀತು. ಆಮೇಲೆ ಗಾಲಿಯ ಒಂದೊಂದು ರೆಕ್ಕೆಯ ಒಳಬದಿಗೆ ಬೆರಳಾಡಿಸಿ. ಈ ರೆಕ್ಕೆಗಳು ಸ್ವಲ್ಪ ಬಾಗಿರುತ್ತವೆ. ಆ ಬಾಗಿನಲ್ಲಿ ಹೊಗೆಯ ಜಿಡ್ಡು, ಬೂದಿ ತುಂಬಿ ಮಟ್ಟಸವಾದರೆ ಗಾಳಿ ಹಿಡಿಯುವ ಜಾಗವೇ ಇಲ್ಲ. ಬಿಸಿನೀರು, ಸೋಪಿನ ಪುಡಿ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಗಾಲಿ ಬಿಚ್ಚಿ ತೊಳೆಯಿರಿ, ಮೋಟರಿಗೆ ನೀರು ತಾಗಿಸಬೇಡಿ. ಎಲ್ಲ ರೆಕ್ಕೆಯನ್ನೂ ಒಂದೇ ಸಮ ತೊಳೆಯಬೇಕು. ಅರ್ಧ ತೊಳೆದು ಅರ್ಧ ಬಿಟ್ಟರೆ ತೂಕ ಹೆಚ್ಚುಕಮ್ಮಿಯಾಗಿ ಬ್ಲೋವರ್ ನಡುಗುತ್ತದೆ.

ರಿಪೇರಿಯಾಗಿ ಬಂದ ಮೇಲೆ ಗಾಳಿ ಕಡಿಮೆಯಾಗಿದೆಯೇ? ಗಾಲಿ ಉಲ್ಟಾ ತಿರುಗುತ್ತಿರಬಹುದು. ಉಲ್ಟಾ ತಿರುಗಿದರೆ ಗಾಳಿ ಒಳಗೆ ಎಳೆಯಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗೋಡೆಯ ಫ್ಯಾನಿನಲ್ಲಿ ಹಾಗೆ. ಈ ತರದ ಗಾಲಿಯಲ್ಲಿ ಯಾವ ಕಡೆ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಶಕ್ತಿ ಮಾತ್ರ ಇರುವುದಿಲ್ಲ. ಗಾಲಿ ತಿರುಗುತ್ತಾ ಬಾಯಿಯ ಕಡೆಗೆ ಗಾಳಿಯನ್ನು ದೂಡಬೇಕು. ಶೇಡೆಡ್ ಪೋಲ್ ಮೋಟರಿನ ತಗಡಿನ ಭಾಗವನ್ನು ಮಗುಚಿ ಜೋಡಿಸಿದರೂ ಹೀಗಾಗುತ್ತದೆ. ಬಿಚ್ಚುವ ಮುಂಚೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಈ ತಲೆನೋವು ಇಲ್ಲ.

ಇನ್ನೊಂದು ತಿರುವುಮುರುವಿನ ಸಂಗತಿ. ಪೈಪ್ ಕಟ್ಟಿಕೊಂಡಾಗ ಬ್ಲೋವರಿಗೆ ಭಾರ ಜಾಸ್ತಿಯಾಗಿ ಮೋಟರ್ ಸುಡುತ್ತದೆ ಅಂತ ಜನ ತಿಳಿದಿದ್ದಾರೆ. ಈ ಗಾಲಿಯಲ್ಲಿ ಗಾಳಿ ಹೋಗದಿದ್ದರೆ ಕೆಲಸ ಕಡಿಮೆ, ಹಾಗಾಗಿ ಅದು ಹಗುರಾಗಿ ಇನ್ನೂ ಜೋರಾಗಿ ತಿರುಗುತ್ತದೆ. ಸದ್ದು ಕೀರಲಾಗುತ್ತದೆ. ಬ್ಲೋವರ್ ದಿಢೀರನೆ ಕೀರಲು ದನಿ ತೆಗೆದರೆ ದಾರಿ ಕಟ್ಟಿದೆ ಅಂತ ತಿಳಿಯಿರಿ. ಮೋಟರ್ ಸುಡುವುದು ತಣ್ಣಗಿನ ಗಾಳಿ ಸಿಗದೆ ಒಲೆಯ ಶಾಖ ಹಿಮ್ಮುಖ ಬಂದಾಗ.

ಹೊಸದು ಹಾಕುವುದೇ ಆದರೆ

ಬೇರಿಂಗ್, ಕಾರ್ಬನ್, ಕೆಪಾಸಿಟರ್ ಇವೆಲ್ಲ ಸಾಮಾನ್ಯವಾಗಿ ನೂರು ರೂಪಾಯಿ ಆಸುಪಾಸಿನ ಮಾಲು. ಅಲ್ಲಿಯವರೆಗೆ ರಿಪೇರಿಯೇ ಲಾಭ. ರಿವೈಂಡಿಂಗ್ ಬೇಕು ಅಂತಾದರೆ ಹೊಸದರ ಬೆಲೆ ಕೇಳಿ. ಅರ್ಧಕ್ಕಿಂತ ಜಾಸ್ತಿ ಖರ್ಚಾಗುವುದಿದ್ದರೆ ಹೊಸದು ತನ್ನಿ. ಎರಕದ ಗಟ್ಟಿ ಮೈ ಇರುವ ಹಳೇ ಬ್ಲೋವರ್ ಆದರೆ ನಾನು ಈ ಲೆಕ್ಕ ಸ್ವಲ್ಪ ಸಡಿಲ ಮಾಡುತ್ತೇನೆ, ಈಗಿನ ತೆಳು ತಗಡಿನವು ಅಷ್ಟು ಬಾಳುವುದಿಲ್ಲ.

ಸಣ್ಣ ಫ್ಯಾನ್ ಬದಲಿಸುವವರು ಎಡವುವ ಜಾಗ ಒಂದಿದೆ. ಗುಜರಿಯಲ್ಲಿ ಕಂಪ್ಯೂಟರಿನ ಚೌಕದ ಫ್ಯಾನ್ ಸಿಗುತ್ತದೆ. 12 ವೋಲ್ಟ್, ಅಳತೆಯೂ ಹೊಂದುತ್ತದೆ. ಬಯಲಿನಲ್ಲಿ ಹಿಡಿದರೆ ಮುಖಕ್ಕೆ ಒಳ್ಳೆಯ ಗಾಳಿ. ಒಲೆಗೆ ಜೋಡಿಸಿದರೆ ಬೆಂಕಿ ಅಲ್ಲಾಡುವುದೂ ಇಲ್ಲ. ಕಾರಣ ಏನು? ಆ ಫ್ಯಾನಿಗೆ ತೆರೆದ ಜಾಗದಲ್ಲಿ ತುಂಬ ಗಾಳಿ ಸರಿಸಲು ಬರುತ್ತದೆ, ಇಕ್ಕಟ್ಟಿನ ಪೈಪಿನಲ್ಲಿ, ಸಣ್ಣ ತೂತುಗಳಲ್ಲಿ ಒತ್ತಿ ತಳ್ಳಲು ಬರುವುದಿಲ್ಲ. ಗಾಳಿ ರೆಕ್ಕೆಯ ಸಂದಿಯಿಂದ ವಾಪಸ್ ಬರುತ್ತದೆ. ಒಲೆಗೆ ಬೇಕಾದದ್ದು ಊದುಗೊಳವೆಯ ಕೆಲಸ. ಅದಕ್ಕೆ ಪಕ್ಕದಿಂದ ಎಳೆದು ಒಂದು ಬಾಯಿಂದ ಬಿಡುವ ಬ್ಲೋವರ್ ಜಾತಿಯೇ ಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 7530, 9733 ಅಂತ ನಂಬರಿನಲ್ಲಿ ಕೇಳಿದರೆ ಕೊಡುತ್ತಾರೆ. ಮೊದಲ ಎರಡು ಅಂಕಿ ಅಗಲ, ಕೊನೆಯ ಎರಡು ದಪ್ಪ, ಮಿಲಿಮೀಟರಿನಲ್ಲಿ. 5015 ಕೂಡ ಸಿಗುತ್ತದೆ, ಸಣ್ಣ ಅಡುಗೆ ಒಲೆಗೆ ಸಾಕು, ಹಂಡೆಯ ಒಲೆಗೆ ಸಾಲದು. ಒಲೆಯೊಳಗೆ ಮೊದಲೇ ಚೌಕದ ಫ್ಯಾನ್ ಇದ್ದರೆ ಮಾತ್ರ ಅದೇ ಅಳತೆ, ಅದೇ ಆಂಪಿಯರಿನ ಚೌಕದ್ದನ್ನು ಹಾಕಿ. ಆ ಒಲೆಯ ತೂತುಗಳನ್ನು ಅದಕ್ಕೆಂದೇ ಲೆಕ್ಕ ಹಾಕಿರುತ್ತಾರೆ. ಚೀಟಿಯಲ್ಲಿ ಬಾಲ್ ಬೇರಿಂಗ್ ಅಂತಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ, ಬಿಸಿಯಲ್ಲಿ ಬುಷ್ಷಿನದ್ದಕ್ಕಿಂತ ತಡೆಯುತ್ತದೆ.

ಕೂರಿಸುವ ಜಾಗ ಕೂಡ ಬೆಲೆಯಷ್ಟೇ ಮುಖ್ಯ. ಬ್ಲೋವರನ್ನು ಒಲೆಯ ಬಾಯಿಗೆ ಅಂಟಿಸಬೇಡಿ. ಒಂದೂವರೆ ಅಥವಾ ಎರಡಿಂಚಿನ ಜಿಐ ಪೈಪ್ ಎರಡಡಿ ಇಟ್ಟು ಆಚೆ ಕೂರಿಸಿ, ಒಲೆಯ ಜಾಲರಿಗಿಂತ ಕೆಳಮಟ್ಟದಲ್ಲಿ. ಬಿಸಿ ಮೇಲಕ್ಕೆ ಏರುವುದರಿಂದ ಕೆಳಗಿದ್ದದ್ದು ತಂಪಾಗಿರುತ್ತದೆ. ಪಿವಿಸಿ ಪೈಪ್ ಬೇಡ, ಮೆತ್ತಗಾಗಿ ಜೋಲುತ್ತದೆ. ಒಲೆಯ ಹತ್ತಿರದ ವಾಯರಿಗೆ ಇಸ್ತ್ರಿ ಪೆಟ್ಟಿಗೆಯ ನೂಲು ಹೆಣೆದ ವಾಯರ್ ಹಾಕಿ. ಎಲ್ಲ ಎಲೆಕ್ಟ್ರಿಕ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಫ್ಯಾನ್ ಸಾಯುವುದು ಹೆಚ್ಚಾಗಿ ಉರಿಯುವಾಗ ಅಲ್ಲ, ನಿಲ್ಲಿಸಿದ ಮೇಲೆ. ತಿರುಗುವಾಗ ತಣ್ಣನೆ ಗಾಳಿ ಅದರ ಮೂಲಕವೇ ಹಾಯುತ್ತದೆ. ನಿಂತ ಮೇಲೆ ಕೆಂಡದ ಶಾಖ ಪೈಪಿನಲ್ಲಿ ತಿರುಗಿ ಬಂದು ಪ್ಲಾಸ್ಟಿಕ್ ರೆಕ್ಕೆ ಮೆತ್ತಗೆ ಮಾಡುತ್ತದೆ, ಬುಷ್ಷಿನ ಎಣ್ಣೆ ಒಣಗಿಸುತ್ತದೆ. ಅಡುಗೆ ಮುಗಿದ ಮೇಲೆ ಕೆಂಡ ಕಪ್ಪಾಗುವವರೆಗೆ ಸಣ್ಣಗೆ ತಿರುಗಲು ಬಿಡಿ. ನಡುವೆ ಕರೆಂಟ್ ಹೋದರೆ? ಮಳೆಗಾಲದಲ್ಲಿ ಅದು ದಿನದ ಮಾತು. ಪೈಪಿನ ನಡುವೆ ಒಂದು ಸೀಳು ಮಾಡಿಸಿ, ತಗಡಿನ ತುಂಡು ಒಳಗೆ ಹೊರಗೆ ಸರಿಯುವಂತೆ ವೆಲ್ಡಿಂಗ್ ಶಾಪಿನವರ ಹತ್ತಿರ ಶಟರ್ ಹಾಕಿಸಿ. ಕರೆಂಟ್ ಹೋದ ತಕ್ಷಣ ತಗಡು ಒಳಗೆ ತಳ್ಳಿ. ಬೆಂಕಿ ದೊಡ್ಡದು ಮಾಡುವುದು, ಸಣ್ಣದು ಮಾಡುವುದೂ ಅದರಿಂದಲೇ ಆಗುತ್ತದೆ, ಬೇರೆ ರೆಗ್ಯುಲೇಟರ್ ಬೇಕಾಗುವುದಿಲ್ಲ.

ಒಲೆ ಇರುವ ಕೋಣೆಯ ಕಿಟಕಿಯನ್ನು ಮಾತ್ರ ಮುಚ್ಚಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಿರುತ್ತದೆ, ಅದಕ್ಕೆ ವಾಸನೆ ಇಲ್ಲ.

ಸತ್ತ ಫ್ಯಾನನ್ನು ಎಸೆಯುವ ಮುಂಚೆ ಅದರ ವಾಯರ್, ಕನೆಕ್ಟರ್, ಸ್ಕ್ರೂ, ರಬ್ಬರ್ ವಾಷರ್ ಕತ್ತರಿಸಿ ಬಿಚ್ಚಿ ಡಬ್ಬಿಗೆ ಹಾಕಿಡಿ. ಹೊಸ ಫ್ಯಾನಿನ ಜೊತೆ ಬರುವ ಪಿನ್ ನಿಮ್ಮ ಒಲೆಗೆ ಹೊಂದದಿದ್ದಾಗ ಅದೇ ಬೇಕಾಗುತ್ತದೆ.